ಆನಿ ಇಲ್ಲದ ಘಾರಾಪುರಿ

ನಮ್ಮ ಬೀದರ ಜಿಲ್ಲೆಯಲ್ಲಿ ದ್ವೀಪ ಎಂಬ ಪದಾರ್ಥ ಸಿಗುವುದಿಲ್ಲ. ಮಳೆಗಾಲದಲ್ಲಿ ಮಾಂಜ್ರಾ ಮೈದುಂಬಿ ಬಂದಾಗ ಭಾಲ್ಕಿ, ಔರಾದ ಕಡೆ ಯಾರದೋ ಹೊಲದ ದಿಬ್ಬ ಒಂದೆರಡು ದಿನ ದ್ವೀಪವಾಗುವುದುಂಟು. ಅದನ್ನು ನೋಡಲು ಯಾರೂ ಟಿಕೆಟ್ ತೆಗೆಸುವುದಿಲ್ಲ. ತಲಾಟಿ ಬಂದು ಪಂಚನಾಮೆ ಬರೆದುಕೊಂಡು ಹೋಗುತ್ತಾನೆ, ನೀರು ಇಳಿಯುತ್ತದೆ, ದ್ವೀಪ ಮತ್ತೆ ಹೊಲವಾಗುತ್ತದೆ. ಇಂಥ ಊರಿನಲ್ಲಿ ಕಂಪೌಂಡ್ ಗೋಡೆಯ ಮೇಲೆ ದ್ವೀಪದ ಮಾತು ಬಂತೆಂದರೆ ಅದು ಬೇಗ ಮುಗಿಯುವ ಮಾತಲ್ಲ.

ಗೋಡೆಯ ಭೂಗೋಳ ಮೊದಲು ಹೇಳಿಬಿಡುತ್ತೇನೆ. ನಡುವಿನ ಮನೆ ನನ್ನದು. ಎಡಕ್ಕೆ ಭಾಲ್ಕಿ ವೈನಿ, ಬಲಕ್ಕೆ ಔರಾದ ಕಾಕಾ. ಇಬ್ಬರೂ ಬೀದರಕ್ಕೆ ಬಂದು ಮನೆ ಕಟ್ಟಿಸಿ ವರ್ಷಗಳಾದರೂ ಊರಿನ ಹೆಸರು ಬಿಟ್ಟುಕೊಟ್ಟಿಲ್ಲ. ವೈನಿಗೆ ಎಲ್ಲ ಒಳ್ಳೆಯದೂ ಭಾಲ್ಕಿಯಲ್ಲಿದೆ. ಕಾಕಾನಿಗೆ ಎಲ್ಲ ಅನ್ಯಾಯವೂ ಔರಾದಕ್ಕೇ ಆಗಿದೆ. ನಾನು ಬೀದರ ಕೋಟೆಯ ಮಗ್ಗುಲಲ್ಲೇ ಹುಟ್ಟಿದವನಾದ್ದರಿಂದ ಇಬ್ಬರ ಕಣ್ಣಿಗೂ ಪ್ಯಾಟಿ ಮನುಷ್ಯ. ಸಾಲದ್ದಕ್ಕೆ ಮಾಸ್ತರಿಕೆ ಮಾಡಿದವನು. ಕೇಳದಿದ್ದರೂ ಹೇಳುತ್ತಾನೆ ಎಂಬ ದೂರು ಬೇರೆ ಇದೆ.

ವೈನಿ ಗೋಡೆಯ ಮೇಲೆ ಶಾವಿಗೆಯ ಮೊರ ಇಟ್ಟು ಮಾತು ತೆಗೆದರು. "ಮಾಸ್ತರೆ, ಮುಂಬಯಿಗಿ ಹೊಂಟೀನಿ. ಮಗ ಎಲಿಫೆಂಟಾ ತೋರಸ್ತೀನಿ ಅಂದಾನ. ಮೊಮ್ಮಗ ಆನಿ ನೋಡಬೇಕಂತ ಈಗಿಂದೇ ಕುಣೀಲತ್ತಾನ. ನೀವು ಹೋಗಿ ಬಂದವ್ರು, ಅಲ್ಲಿ ಆನಿ ಎಷ್ಟ್ ಅವರಿ?"

"ಒಂದೂ ಇಲ್ಲರಿ ವೈನಿ."

"ಅಯ್ಯ! ಹೆಸರೇ ಎಲಿಫೆಂಟಾ ಅದಾ!"

ಬಲಗಡೆಯಿಂದ ಕಾಕಾನ ತಲೆ ಮೇಲೆದ್ದಿತು. ಮೋಸದ ವಾಸನೆ ಬಂದರೆ ಆತ ಪೇಪರ್ ಮಡಚಿಡುತ್ತಾನೆ. "ಆನಿ ಇಲ್ಲ ಅಂದ್ಮ್ಯಾಲ ಆ ಹೆಸರು ಯಾಕ ಇಟ್ಟಾರ? ರೊಕ್ಕ ಹೊಡೀಲಾಕ?"

ರೊಕ್ಕ ಹೊಡೆಯಲು ಅಲ್ಲ ಕಾಕಾ, ಆನೆ ಇತ್ತು. ಆದರೆ ಕಲ್ಲಿನದು ಎಂದು ಶುರು ಮಾಡಿದೆ. ಊರವರು ಆ ದ್ವೀಪವನ್ನು ಘಾರಾಪುರಿ ಎನ್ನುತ್ತಾರೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆ, ಉರಣ ತಾಲ್ಲೂಕು. 1534ರಲ್ಲಿ ಪೋರ್ಚುಗೀಸರು ಗುಜರಾತಿನ ಸುಲ್ತಾನನಿಂದ ಆ ಸೀಮೆ ಪಡೆದುಕೊಂಡು ಬಂದಾಗ ದಂಡೆಯ ಹತ್ತಿರ ನಿಜವಾದ ಆನೆಯಷ್ಟು ದೊಡ್ಡದೊಂದು ಕಲ್ಲಾನೆ ನಿಂತಿತ್ತು. ಅದನ್ನು ನೋಡಿ ಅವರು ಆನೆಯ ದ್ವೀಪ ಎಂದರು, ಆ ಹೆಸರೇ ನಿಂತಿತು. 1814ರಲ್ಲಿ ಕಲ್ಲಾನೆಯ ತಲೆ, ಕುತ್ತಿಗೆ ಬಿದ್ದವು. 1864ರಲ್ಲಿ ಇಂಗ್ಲಿಷರು ಅದನ್ನು ಹಡಗಿಗೆ ಏರಿಸಿ ಇಂಗ್ಲೆಂಡಿಗೆ ಒಯ್ಯಲು ನೋಡಿದರು. ಎತ್ತುವ ಯಂತ್ರದ ಸರಪಳಿ ಕಡಿದು ಆನೆ ಕೆಳಗೆ ಬಿದ್ದು ಚೂರಾಯಿತು. ಚೂರುಗಳನ್ನು ಮುಂಬಯಿಯ ಬಾಗಿಗೆ ತಂದು ಹಾಕಿದರು. ಐವತ್ತು ವರ್ಷ ಕಳೆದು 1914ರಲ್ಲಿ ಯಾರಿಗೋ ಕರುಣೆ ಬಂದು ಜೋಡಿಸಿ ನಿಲ್ಲಿಸಿದರು. ಈಗಲೂ ಭಾಯಖಳಾದ ಜೀಜಾಮಾತಾ ಉದ್ಯಾನದಲ್ಲಿ, ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಮಗ್ಗುಲಲ್ಲಿ ನಿಂತಿದೆ.

"ಅಂದ್ರ ಆನಿ ನೋಡ್ಲಾಕ ದ್ವೀಪಕ್ಕ ಹೋಗೋದು ಬ್ಯಾಡ, ಭಾಯಖಳಾಕ್ಕ ಹೋದ್ರ ಸಾಕು."

ಅಷ್ಟೇ ಅಲ್ಲ ವೈನಿ, ಅದೇ ಬಾಗಿನೊಳಗೆ ಪ್ರಾಣಿ ಸಂಗ್ರಹಾಲಯವಿದೆ, ಅಲ್ಲಿ 2017ರಿಂದ ಪೆಂಗ್ವಿನ್ ತೋರಿಸುತ್ತಾರೆ ಎಂದೆ. ಕಾಕಾನಿಗೆ ಇದು ಹಿಡಿಸಲಿಲ್ಲ. ದಕ್ಷಿಣ ಅಮೆರಿಕದ ಹಕ್ಕಿಯನ್ನು ತಂದು ಎಸಿಯಲ್ಲಿ ಕೂರಿಸುತ್ತಾರೆ, ಔರಾದ ಆಸ್ಪತ್ರೆಯ ಫ್ಯಾನು ತಿರುಗುವುದಿಲ್ಲ ಎಂಬಲ್ಲಿಗೆ ಮಾತು ಹೋಯಿತು. ಹಳಿಗೆ ತರಲು ಸ್ವಲ್ಪ ಹೊತ್ತು ಹಿಡಿಯಿತು.

ಹಳಿ ಎಂದೆನಲ್ಲ, ರೈಲಿನ ವಿಷಯವೂ ಅಲ್ಲೇ ಬಂತು. ನಮ್ಮ ಕರ್ನಾಟಕದಲ್ಲೇ ದ್ವೀಪಗಳಿಲ್ಲವೇ, ಮರಾಠಿಗರ ದ್ವೀಪಕ್ಕೆ ಯಾಕೆ ಹೋಗಬೇಕು ಎಂದು ಕಾಕಾ ಕನ್ನಡದ ಸ್ವಾಭಿಮಾನ ತೆಗೆದ. (ಆತನ ಅರ್ಧ ನೆಂಟರು ಉದಗೀರಿನಲ್ಲಿದ್ದಾರೆ, ಮನೆಯಲ್ಲಿ ಸಿಟ್ಟು ಬಂದರೆ ಬೈಯುವುದು ಮರಾಠಿಯಲ್ಲಿ.) ಇವೆ. ಮಲ್ಪೆಯ ಎದುರಿಗೆ ಸೇಂಟ್ ಮೇರೀಸ್ ದ್ವೀಪಗಳಿವೆ. ಲಾವಾ ಆರಿ ಕಂಬ ಕಂಬವಾಗಿ ಸೀಳಿದ ಬಂಡೆಗಳು, 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದನೆಂಬ ಪ್ರತೀತಿ ಬೇರೆ. ಮುರುಡೇಶ್ವರದ ಎದುರು ನೇತ್ರಾಣಿ ಇದೆ. ಅಷ್ಟು ದೂರ ಯಾಕೆ, ಶ್ರೀರಂಗಪಟ್ಟಣವೇ ಕಾವೇರಿಯ ನಡುಗಡ್ಡೆ. ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತ ಸೇತುವೆ ದಾಟಿಬಿಡುವುದರಿಂದ ನಮ್ಮವರಿಗೆ ಅದು ಗೊತ್ತೇ ಆಗುವುದಿಲ್ಲ. ಪಕ್ಕದ ರಂಗನತಿಟ್ಟಿನಲ್ಲಿ ಸಾಲಿಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, ದೋಣಿಯಲ್ಲಿ ಕೂತರೆ ಕೊಕ್ಕರೆಯೂ ಕಾಣುತ್ತದೆ, ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಯೂ ಕಾಣುತ್ತದೆ. ಎಲ್ಲ ಸರಿ. ಆದರೆ ಬೀದರದಿಂದ ಇವೆಲ್ಲಕ್ಕಿಂತ ಮುಂಬಯಿ ಹತ್ತಿರ. ಬೆಂಗಳೂರಿನಲ್ಲಿ ಕೂತು ನಕ್ಷೆ ನೋಡುವವರಿಗೆ ಈ ಮಾತು ತಿಳಿಸುವುದು ಕಷ್ಟ. ರಾತ್ರಿಯ ಗಾಡಿ ಹತ್ತಿದರೆ ಭಾಲ್ಕಿ, ಕಮಲನಗರ, ಉದಗೀರ, ಲಾತೂರ ದಾಟಿಕೊಂಡು ಬೆಳಿಗ್ಗೆ ಮುಂಬಯಿ. 2017ರಲ್ಲಿ ಲಾತೂರ–ಮುಂಬಯಿ ಗಾಡಿಯನ್ನು ಬೀದರದವರೆಗೆ ಬಿಟ್ಟಾಗ, ನಮ್ಮ ಸೀಟು ಬೀದರದವರು ಹಿಡಿಯುತ್ತಾರೆಂದು ಲಾತೂರಿನಲ್ಲಿ ಗದ್ದಲವೇ ಆಗಿತ್ತು.

"ಹಿಡೀತೀವಿ ಮತ್ತ," ಎಂದರು ವೈನಿ. "ಭಾಲ್ಕಿದಾಗ ಹತ್ತಿದವ್ರು ಲಾತೂರ ಬರೋದ್ರಾಗ ಹಾಸಿಗಿ ಹಾಸಿ ಮಲಗಿರ್ತೀವಿ."

ಗೇಟ್‌ವೇ ಆಫ್ ಇಂಡಿಯಾದಿಂದ ಘಾರಾಪುರಿಗೆ ಹತ್ತು ಕಿಲೋಮೀಟರು. ಬೋಟಿನಲ್ಲಿ ಒಂದು ತಾಸು. ಸಮುದ್ರ ಕಾಣದ ಜಿಲ್ಲೆಯವರಿಗೆ ಈ ಒಂದು ತಾಸೇ ಅರ್ಧ ಪ್ರವಾಸ. ತಾಜ್ ಹೋಟೆಲು ಹಿಂದೆ ಸಣ್ಣದಾಗುತ್ತ ಹೋಗುತ್ತದೆ, ನೌಕಾಪಡೆಯ ಬೂದು ಹಡಗುಗಳು, ಲಂಗರು ಹಾಕಿದ ಸರಕು ಹಡಗುಗಳು, ಎಣ್ಣೆಯ ಹಡಗುಗಳು ನಿಲ್ಲುವ ಬುಚರ್ ಐಲೆಂಡ್, ಆಚೆ ದಂಡೆಗೆ ನ್ಹಾವಾಶೇವಾ ಬಂದರಿನ ಕ್ರೇನುಗಳ ಸಾಲು. ನಾವು ನಾಲ್ಕು ಚಕ್ರದ ಲಾರಿಯಲ್ಲಿ ಬಂದ ಸಾಮಾನು ಮಾತ್ರ ಕಂಡವರು. ಆ ಸಾಮಾನು ಎಲ್ಲಿಂದ ಇಳಿದು ಬರುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಬೀಳುತ್ತದೆ.

ಚಳಿಗಾಲವಾದರೆ ಬೋಟಿನ ಬೆನ್ನಿಗೆ ಬಿಳಿಯ ಕಡಲಹಕ್ಕಿಗಳ ಹಿಂಡು ಹತ್ತುತ್ತದೆ. ಲಡಾಖು, ಟಿಬೆಟ್ಟಿನ ಎತ್ತರದ ಸರೋವರಗಳ ದಂಡೆಗೆ ಮರಿ ಮಾಡಿ, ಚಳಿಗೆ ಇಲ್ಲಿ ಇಳಿದು ಬರುವ ಹಕ್ಕಿಗಳು ಅವು. ಹಿಮಾಲಯ ದಾಟಿ ಬಂದ ಹಕ್ಕಿಗೆ ನಮ್ಮ ಜನ ಗಾಠಿಯಾ, ಕುರ್ಕುರೆ ಎರಚುತ್ತಾರೆ. ಅವು ಗಾಳಿಯಲ್ಲೇ ಹಿಡಿದು ನುಂಗುತ್ತವೆ. ನೋಡಲು ಚೆಂದ, ಹಕ್ಕಿಯ ಹೊಟ್ಟೆಗೆ ಚೆಂದವಲ್ಲ. ವೈನಿಗೆ ಮೊದಲೇ ಹೇಳಿದೆ: ನಿಮ್ಮ ಚುಡುವಾದ ಡಬ್ಬಿ ಬೋಟಿನಲ್ಲಿ ತೆಗೆಯಬೇಡಿ. ಇದೇ ಕೊಲ್ಲಿಯ ಶಿವಡಿ ಕಡೆಯ ಕೆಸರಿನಲ್ಲಿ ಚಳಿಗಾಲಕ್ಕೆ ಸಾವಿರಗಟ್ಟಲೆ ಫ್ಲೆಮಿಂಗೋ ನಿಂತಿರುತ್ತವೆ. ಆದರೆ ಅವನ್ನು ನೋಡುವುದು ಬೇರೆ ದಿನದ ಕೆಲಸ, ಬೇರೆ ದಂಡೆಯ ಕೆಲಸ. ಎರಡನ್ನೂ ಒಂದೇ ದಿನಕ್ಕೆ ಹೊಂದಿಸಿ ಕೊಡುತ್ತೇನೆ ಎನ್ನುವ ಏಜೆಂಟನನ್ನು ನಂಬಬೇಡಿ.

"ದೋಣಿ ಮುಳುಗಂಗಿಲ್ಲಲ?" ಎಂದ ಕಾಕಾ. ವೈನಿಯ ಮುಖ ನೋಡಿ ಆ ಮಾತು ಆಡಬಾರದಿತ್ತು ಅನ್ನಿಸಿತು, ಆದರೆ ಮುಚ್ಚಿಡುವುದೂ ಸರಿಯಲ್ಲ. 2024ರ ಡಿಸೆಂಬರ್ 18ರಂದು ಗೇಟ್‌ವೇ ಬಿಟ್ಟು ಎಲಿಫೆಂಟಾ ಕಡೆ ಹೊರಟಿದ್ದ ಬೋಟಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಬಂದು ಹೊಡೆದು ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಹತ್ತಿದ ಕೂಡಲೇ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಬೇಕು. ಫೋಟೋ ಚೆಂದ ಬರುವುದಿಲ್ಲ ಎಂದು ಮೊಮ್ಮಕ್ಕಳಿಗೆ ಬಿಚ್ಚಿಸುವ ಅಜ್ಜಿಯರನ್ನು ನೋಡಿದ್ದೇನೆ. ಹೆಚ್ಚು ಹೇಳುವುದಿಲ್ಲ.

ಇಳಿದ ಮೇಲೆ ಉದ್ದನೆಯ ಜೆಟ್ಟಿ, ಅದರ ಮೇಲೆ ಮಕ್ಕಳಾಟದ ಸಣ್ಣ ರೈಲು. ಆಮೇಲೆ ನೂರಿಪ್ಪತ್ತು ಮೆಟ್ಟಿಲು. ಎರಡೂ ಕಡೆ ಅಂಗಡಿ, ಮೇಲೆ ನೀಲಿ ತಾಡಪತ್ರಿ. ಮಾಲೆ, ಟೋಪಿ, ಕಲ್ಲಿನ ಗಣಪತಿ, ಮಾವಿನಕಾಯಿ ಹೋಳು, ಸುಟ್ಟ ಗೋವಿನಜೋಳ. ವೈನಿಗೆ ಮೊಣಕಾಲು ನೋವು. ಅಂಥವರಿಗೆ ನಾಲ್ಕು ಜನ ಹೊರುವ ಕುರ್ಚಿಯ ಡೋಲಿ ಸಿಗುತ್ತದೆ ಎಂದೆ.

"ಡೋಲಿದಾಗ ಕುಂದರ್ಲಾಕ ನಾನೇನು ಬರೀದಶಾಹಿ ಬೇಗಮ್ಮೇನು? ನಡೀತೀನಿ."

ಇಲ್ಲಿಂದ ಮುಂದೆ ದ್ವೀಪದ ವನ್ಯಜೀವಿ ಶುರು. ಅಂದರೆ ಮಂಗ. ಹಕ್ಕಿಗಳಿವೆ, ದಂಡೆಯ ಸುತ್ತ ಕಾಂಡ್ಲಾ ಕಾಡಿದೆ, ಹುಣಸೆ, ಮಾವಿನ ಮರಗಳ ನೆರಳಿದೆ. ಆದರೆ ಯಾತ್ರಿಕರ ಜೊತೆ ನೇರ ವ್ಯವಹಾರ ಇಟ್ಟುಕೊಂಡಿರುವುದು ಮಂಗಗಳೇ. ಕೈಯಲ್ಲಿ ತಂಪಿನ ಬಾಟಲಿ ಕಂಡರೆ ಕಸಿದು, ಮುಚ್ಚಳ ಕಚ್ಚಿ ತೆಗೆದು, ನಮ್ಮೆದುರೇ ಕುಡಿದು ಖಾಲಿ ಬಾಟಲಿ ಎಸೆಯುತ್ತವೆ. ವೈನಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ದಪಾಟಿ ಕಟ್ಟಿಕೊಂಡು ಹೋಗುವ ವಿಚಾರದಲ್ಲಿದ್ದರು. ಕಟ್ಟಿಕೊಳ್ಳಿ, ಆದರೆ ಚೀಲದ ಬಾಯಿ ಹೊಲಿದುಕೊಂಡು ಹೋಗಿ ಎಂದೆ. ಬೀದರದ ಶೇಂಗಾ ಹಿಂಡಿಯ ಖಾರ ಆ ಮಂಗಗಳಿಗೆ ಗೊತ್ತಿಲ್ಲ, ಒಮ್ಮೆ ತಿನ್ನಲಿ ಎಂದು ಕಾಕಾನ ಅಭಿಪ್ರಾಯ.

ಮಂಗದ ಮಾತು ಬಂದಾಗ ನನಗೆ ನಿಕಿತಿನ್ ನೆನಪಾದ. ಅಫನಾಸಿ ನಿಕಿತಿನ್, ರಷ್ಯಾದ ತ್ವೇರ್ ಊರಿನ ವ್ಯಾಪಾರಿ. ಬಹಮನಿಯವರ ಕಾಲದಲ್ಲಿ, 1469ರ ಸುಮಾರಿಗೆ, ಒಂದು ಕುದುರೆ ಜೊತೆಗಿಟ್ಟುಕೊಂಡು ಚೌಲ್ ಬಂದರಿಗೆ ಬಂದಿಳಿದ. ಚೌಲ್ ಎಂದರೆ ಇದೇ ರಾಯಗಡ ಜಿಲ್ಲೆಯ ದಂಡೆ, ಘಾರಾಪುರಿಯಿಂದ ದಕ್ಷಿಣಕ್ಕೆ. ಅಲ್ಲಿಂದ ಘಟ್ಟ ಹತ್ತಿ, ಜುನ್ನರಿನಲ್ಲಿ ಮಳೆಗಾಲ ಕಳೆದು, ನಮ್ಮ ಬೀದರಕ್ಕೆ ಬಂದ; ಆ ಕುದುರೆಯನ್ನು ಇಲ್ಲೇ ಮಾರಿದ. ಅವನ ಪ್ರವಾಸದ ಬರಹದಲ್ಲಿ ಈ ನಾಡಿನ ಮಂಗಗಳ ಸುದ್ದಿಯೂ ಇದೆ. ಅವಕ್ಕೊಬ್ಬ ರಾಜಕುಮಾರನಿದ್ದಾನಂತೆ, ಯಾರಾದರೂ ತಂಟೆ ಮಾಡಿದರೆ ಮಂಗಗಳು ಹೋಗಿ ಅವನಿಗೆ ದೂರು ಕೊಡುತ್ತವಂತೆ, ಅವನು ಸೈನ್ಯ ಕಳಿಸಿ ಮನೆ ಕೆಡವಿಸುತ್ತಾನಂತೆ.

"ಅವ ಬರೆದದ್ದು ಖರೇ ಅದಾ," ಎಂದ ಕಾಕಾ. "ನಮ್ಮ ಔರಾದದಾಗ ಹಂಚಿನ ಮನಿ ಇದ್ದವ್ರನ್ನ ಕೇಳ್ರಿ."

ಅದೇ ನಿಕಿತಿನ್ ಬೀದರದಲ್ಲಿ ಸುಲ್ತಾನನ ಮೆರವಣಿಗೆ ನೋಡಿದ್ದ. ನೂರಾರು ಆನೆಗಳು, ಮೈಗೆ ಉಕ್ಕಿನ ಕವಚ, ದಂತಕ್ಕೆ ಕಟ್ಟಿದ ಕತ್ತಿಗಳು. ಅಂದರೆ ಆನೆ ನೋಡಬೇಕೆಂದವರು ಆಗ ಸಮುದ್ರದಂಡೆಯಿಂದ ನಮ್ಮ ಬೀದರಕ್ಕೆ ಬರುತ್ತಿದ್ದರು. ವೈನಿಯ ಮೊಮ್ಮಗ ಐನೂರೈವತ್ತು ವರ್ಷ ತಡಮಾಡಿ ಹುಟ್ಟಿದ್ದಾನೆ, ಉಲ್ಟಾ ದಿಕ್ಕಿಗೆ ಬೇರೆ ಹೊರಟಿದ್ದಾನೆ.

"ಸಮುದ್ರಕ್ಕೂ ನಮಗೂ ಏನ್ ಸಂಬಂಧ ಬಿಡ್ರಿ," ಎಂದು ಕಾಕಾ ಅಂದದ್ದೇ ನನಗೆ ಬೇಕಾಗಿತ್ತು. ಬೀದರದವರು ಬಹಳ ಜನ ಹೀಗೇ ತಿಳಿದಿದ್ದಾರೆ: ನಾವು ಕೆಂಪುಮಣ್ಣಿನ ದಿಬ್ಬದ ಮೇಲಿನವರು, ಸಮುದ್ರ ಮಂಗಳೂರಿನವರದ್ದು. ಆದರೆ ಬೀದರ ದೊಡ್ಡದಾದದ್ದೇ ಆ ಕೊಂಕಣದ ದಂಡೆಯಿಂದ. ಗೀಲಾನಿನ ಮಹಮೂದ್ ಗಾವಾನ್ 1453ರಲ್ಲಿ ದಾಭೋಳ ಬಂದರಿನಲ್ಲಿ ಇಳಿದು ಇಲ್ಲಿಗೆ ಬಂದ. 1472ರಲ್ಲಿ ನಮ್ಮ ಮದರಸಾ ಕಟ್ಟಿಸಿದ, ಅದೇ ವರ್ಷ ಗೋವಾ ಬಂದರನ್ನೂ ಗೆದ್ದ. ಕುದುರೆ ಬರುತ್ತಿದ್ದದ್ದು ಅರಬ್ಬಿ ಸಮುದ್ರದ ಮೇಲೆ. ವಿದ್ಯಾವಂತರು, ಕುಶಲ ಕೆಲಸಗಾರರು ಬರುತ್ತಿದ್ದದ್ದೂ ಹಡಗಿನಲ್ಲೇ. ನಮಗೆ ಬಂದರಿತ್ತು ಕಾಕಾ, ಘಟ್ಟದ ಕೆಳಗಿತ್ತು, ಅಷ್ಟೇ.

ಕಾಕಾ ಸೋಲುವವನಲ್ಲ. "ಅದು ಬಾದಶಾಹರ ಕಥಿ. ಕನ್ನಡದವ್ರದ್ದು ಹೇಳ್ರಿ."

ಹೇಳುತ್ತೇನೆ, ಕೇಳಿ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ 634ರಲ್ಲಿ ಕೆತ್ತಿಸಿದ ಶಾಸನವಿದೆ. ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಮುರಿದು, ಪಶ್ಚಿಮ ಸಮುದ್ರದ ಸಿರಿಯಂತಿದ್ದ ಪುರಿ ಎಂಬ ನಗರಕ್ಕೆ ನೂರಾರು ಹಡಗುಗಳೊಂದಿಗೆ ಮುತ್ತಿಗೆ ಹಾಕಿದನೆಂದು ಅದರಲ್ಲಿದೆ. ಆ ಹಡಗುಗಳನ್ನು ಕವಿ ಮದವೇರಿದ ಆನೆಗಳ ಸಾಲಿಗೆ ಹೋಲಿಸಿದ್ದಾನೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ಪಂಡಿತರು, ಅಲ್ಲ, ಜಂಜಿರಾ ಹತ್ತಿರದ ರಾಜಪುರಿ ಎಂದು ಇನ್ನು ಕೆಲವರು. ನನ್ನ ಮಟ್ಟಿಗೆ ಘಾರಾಪುರಿಯೇ ಇರಲಿ ಅಂತ ಆಸೆ. ಪುರಾವೆ ಇದ್ದು ಅಲ್ಲ, ಬೋಟಿನಲ್ಲಿ ಕೂತಾಗ ಆ ಆನೆಗಳ ಸಾಲು ಕಣ್ಣಿಗೆ ಕಟ್ಟುತ್ತದೆ, ಅದಕ್ಕೆ.

"ಆನಿ ಇಲ್ಲ ಇಲ್ಲ ಅಂತ ಎಷ್ಟ್ ಆನಿ ತಂದ್ರಿ ಮಾಸ್ತರೆ," ಎಂದರು ವೈನಿ.

ಗವಿಯ ಮಾತಿಗೆ ಬರುತ್ತೇನೆ, ಹೋಗುವುದೇ ಅದಕ್ಕಾಗಿ. ದ್ವೀಪದಲ್ಲಿ ಎರಡು ಗುಡ್ಡ. ಪೂರ್ವದ ಗುಡ್ಡದಲ್ಲಿ ಬೌದ್ಧರ ಗವಿಗಳು, ಪಶ್ಚಿಮದ ಗುಡ್ಡದಲ್ಲಿ ಶೈವರ ಐದು ಗವಿ. ಅದರಲ್ಲಿ ಮೊದಲನೆಯದೇ ದೊಡ್ಡದು. ಹೊರಗಿನ ಬಿಸಿಲಿನಿಂದ ಒಳಗೆ ಹೋದರೆ ಮೊದಲು ಕಂಬಗಳಷ್ಟೇ ಕಾಣುತ್ತವೆ, ಗುಡ್ಡವನ್ನೇ ಕೊರೆದು ಬಿಟ್ಟ ದಪ್ಪ ಕಂಬಗಳು, ತಲೆಯ ಮೇಲೆ ದಿಂಬಿನ ಹಾಗೆ ಒತ್ತಿಕೊಂಡ ಕಲ್ಲು. ಬಹಳ ಜನ ಅಲ್ಲೇ ನಿಂತು ಸೆಲ್ಫಿ ಹೊಡೆದು, ಒಂದು ಸುತ್ತು ಹಾಕಿ, ಇಷ್ಟೇ ಏನು ಎಂದು ಹೊರಗೆ ಬಂದುಬಿಡುತ್ತಾರೆ. ಕಣ್ಣು ಕತ್ತಲಿಗೆ ಹೊಂದುವ ತನಕ ಸುಮ್ಮನೆ ಕೂರಬೇಕು. ಆಮೇಲೆ ದಕ್ಷಿಣದ ಗೋಡೆಯಿಂದ ಸದಾಶಿವ ನಿಧಾನಕ್ಕೆ ಮುಂದೆ ಬರುತ್ತಾನೆ. ಎದೆಯ ಮಟ್ಟದಿಂದ ಮೇಲಷ್ಟೇ ಕೆತ್ತಿದ್ದು, ಅದೇ ಸುಮಾರು ಇಪ್ಪತ್ತು ಅಡಿ. ಕಾಣುವುದು ಮೂರು ಮುಖ. ನಡುವಿನದು ಕಣ್ಣು ಮುಚ್ಚಿ ತನ್ನೊಳಗೆ ಇಳಿದ ತತ್ಪುರುಷ. ನಮ್ಮ ಎಡಕ್ಕೆ ಮೀಸೆ ಇರುವ, ಹುಬ್ಬು ಗಂಟು ಹಾಕಿದ ಅಘೋರ. ಬಲಕ್ಕೆ ಹೆಣ್ಣಿನ ಮೃದುತ್ವದ ವಾಮದೇವ, ಕೈಯಲ್ಲಿ ಕಮಲ.

"ಶಿವನಿಗಿ ಐದು ಮುಖ ಅಲ್ಲೇನ್ರಿ? ಉಳಿದೆರಡು?" ವೈನಿಗೆ ಪಾಠ ಮಾಡಲು ಹೋಗಬಾರದು, ಅವರಿಗೆ ಪುರಾಣ ನನಗಿಂತ ಗೊತ್ತು.

ಒಂದು ಹಿಂದೆ, ಒಂದು ಮೇಲೆ. ಕೆತ್ತಿಲ್ಲ, ಇದೆ ಎಂದು ತಿಳಿದುಕೊಳ್ಳಬೇಕು. ಸದಾಶಿವನ ಮಗ್ಗುಲಿಗೆ, ನಮ್ಮ ಎಡಕ್ಕೆ ಅರ್ಧನಾರೀಶ್ವರ, ಬಲಕ್ಕೆ ಗಂಗಾಧರ. ಗಂಗೆಯನ್ನು ಜಡೆಯಲ್ಲಿ ಹೊತ್ತ ಗಂಡನ ಪಕ್ಕ ಪಾರ್ವತಿ ನಿಂತ ಭಂಗಿಯಲ್ಲೇ ಮನೆಯ ಬೇಸರವೆಲ್ಲ ಇದೆ. ಇನ್ನೊಂದು ಕಡೆ ಶಿವ–ಪಾರ್ವತಿ ಪಗಡೆ ಆಡುವ ಚಿತ್ರ ಎನ್ನುತ್ತಾರೆ, ಅಲ್ಲಿಯೂ ಆಕೆಯ ಮುಖ ತಿರುಗಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮದುವೆಯ ಫಲಕ. ಪಾರ್ವತಿ ತಲೆ ತಗ್ಗಿಸಿದ್ದಾಳೆ. ಹಿಂದಿನಿಂದ ತಂದೆ ಹಿಮವಂತ ಮಗಳನ್ನು ಮೆಲ್ಲಗೆ ಮುಂದೆ ದೂಡುತ್ತಿದ್ದಾನೆ. ಆ ಮುದುಕನ ಕೈಯನ್ನು ಕೆತ್ತಿದವನು ಮಗಳ ಮದುವೆ ಮಾಡಿದವನೇ ಇರಬೇಕು. ವೈನಿ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಕಿರಿಯ ಮಗಳನ್ನು ಪುಣೆಗೆ ಕೊಟ್ಟು ಇನ್ನೂ ವರ್ಷ ತುಂಬಿಲ್ಲ.

ಫಲಕಗಳ ಕೆಳಗಿನ ಅರ್ಧ ಬಹಳ ಕಡೆ ಇಲ್ಲ. ನಟರಾಜನಿಗೆ ಕಾಲಿಲ್ಲ, ಅಂಧಕಾಸುರನನ್ನು ಕೊಲ್ಲುವ ಶಿವನಿಗೂ ಕಾಲಿಲ್ಲ. ಪೋರ್ಚುಗೀಸ್ ಸಿಪಾಯಿಗಳು ಗುಂಡು ಹೊಡೆದು ಗುರಿ ಕಲಿತರೆಂದು ಅಲ್ಲಿಯ ಜನ ಹೇಳುತ್ತಾರೆ. ಎಲ್ಲ ಅವರ ಲೆಕ್ಕಕ್ಕೇ ಬರೆಯಬೇಕಾಗಿಲ್ಲ. ಗವಿಗೆ ನೀರು ನುಗ್ಗುತ್ತದೆ, ಕಲ್ಲು ಉದುರುತ್ತದೆ. ಆದರೆ ಒಂದು ಕೆಲಸ ಮಾತ್ರ ಅವರದೇ, ಅವರ ಚರಿತ್ರೆಕಾರ ದಿಯೋಗೊ ದೊ ಕೌತೊನೇ ಬರೆದಿಟ್ಟಿದ್ದಾನೆ. ಗವಿಯ ಬಾಗಿಲಲ್ಲಿ ಶಾಸನದ ಕಲ್ಲೊಂದು ಇತ್ತು. ಓದಬಲ್ಲವರು ಸಿಗಲಿಲ್ಲವೆಂದು ಅದನ್ನು ಕಿತ್ತು ಪೋರ್ಚುಗಲ್ಲಿನ ರಾಜನಿಗೆ ಕಳಿಸಿದರು. ಅಲ್ಲಿಯೂ ಯಾರಿಂದಲೂ ಓದಿಸಲಾಗಲಿಲ್ಲ, ಕಲ್ಲು ಕಳೆದುಹೋಯಿತು.

ಆ ಒಂದು ಕಲ್ಲು ಹೋದದ್ದಕ್ಕೆ ಈ ಗವಿ ಯಾರದು ಎಂಬ ತಂಟೆ ಇವತ್ತಿಗೂ ನಡೆದಿದೆ. ಬಾದಾಮಿ ಚಾಲುಕ್ಯರದೆಂದರು, ರಾಷ್ಟ್ರಕೂಟರದೆಂದರು, ಕೊಂಕಣದ ಮೌರ್ಯರದೆಂದರು. ದ್ವೀಪದಲ್ಲಿ ಸಿಕ್ಕ ನಾಣ್ಯಗಳ ಮೇಲಿಂದ ಮಾಹಿಷ್ಮತಿಯ ಕಳಚೂರಿ ಕೃಷ್ಣರಾಜನ ಕಾಲ, ಅಂದರೆ ಆರನೆಯ ಶತಮಾನದ ನಡುಭಾಗ ಎಂದು ಈಗ ಹೆಚ್ಚು ಜನ ಒಪ್ಪುತ್ತಾರೆ. ಕಳಚೂರಿ ಎಂದ ಕೂಡಲೇ ಕಾಕಾನ ಕಿವಿ ನೆಟ್ಟಗಾಯಿತು: "ನಮ್ಮ ಬಸವಕಲ್ಯಾಣದ ಬಿಜ್ಜಳ?" ಆ ಹೆಸರಿನವರೇ, ಆದರೆ ಆರುನೂರು ವರ್ಷ ಮೊದಲಿನವರು. ಬಿಜ್ಜಳನ ಜನ ತಮ್ಮ ಮೂಲ ಉತ್ತರದ ಆ ಕಳಚೂರಿಗಳಲ್ಲೇ ಹೇಳಿಕೊಳ್ಳುತ್ತಿದ್ದರು. ಕಾಕಾನಿಗೆ ಅಷ್ಟು ಸಾಕಾಯಿತು. ಅಲ್ಲಿಂದ ಮುಂದೆ ಆತನ ಲೆಕ್ಕದಲ್ಲಿ ಎಲಿಫೆಂಟಾ ಬೀದರ ಜಿಲ್ಲೆಗೆ ಸೇರಿದ್ದು. ಯುನೆಸ್ಕೋದವರು ಎಲಿಫೆಂಟಾವನ್ನು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಅದೇ ವರ್ಷ ನಮ್ಮ ಪಟ್ಟದಕಲ್ಲೂ ಸೇರಿತು. ಎರಡನ್ನೂ ನೋಡಿದವರಿಗೆ ನಾನು ಹೇಳುವುದಿಷ್ಟು: ಪಟ್ಟದಕಲ್ಲಿನಲ್ಲಿ ಕಟ್ಟಿದ್ದಾರೆ, ಘಾರಾಪುರಿಯಲ್ಲಿ ತೆಗೆದಿದ್ದಾರೆ. ತೆಗೆಯುವುದು ಕಷ್ಟ. ತಪ್ಪಿದರೆ ಮತ್ತೆ ಇಡಲು ಕಲ್ಲಿಲ್ಲ.

ದ್ವೀಪದಲ್ಲಿ ಮಂದಿ ಇದ್ದಾರೆಂಬುದು ಬಹಳ ಯಾತ್ರಿಕರಿಗೆ ತಿಳಿಯುವುದೇ ಇಲ್ಲ. ಶೇತಬಂದರ, ಮೋರಾಬಂದರ, ರಾಜಬಂದರ ಎಂದು ಮೂರು ಊರು. ಎಲ್ಲ ಸೇರಿ ಸಾವಿರದ ಆಸುಪಾಸು ಜನ. ಎದುರಿಗೆ ಮುಂಬಯಿಯ ದೀಪಗಳು ಇರುಳಿಡೀ ಉರಿಯುತ್ತವೆ. ಇವರ ಮನೆಗೆ ಕರೆಂಟು ಬಂದದ್ದು 2018ರ ಫೆಬ್ರವರಿಯಲ್ಲಿ, ಸಮುದ್ರದ ತಳದಲ್ಲಿ ಏಳೂವರೆ ಕಿಲೋಮೀಟರು ಕೇಬಲ್ ಹಾಸಿದ ಮೇಲೆ. ಅದಕ್ಕೆ ಮೊದಲು ಸಂಜೆ ಮೂರು ತಾಸು ಜನರೇಟರಿನ ಬೆಳಕು.

ಇಷ್ಟೊತ್ತು ಬೈಯುತ್ತಿದ್ದ ಕಾಕಾ ಇಲ್ಲಿ ತಣ್ಣಗಾದ. "ಮುಂಬಯಿ ಎದುರಿಗಿದ್ದವ್ರಿಗೆ ಹಿಂಗಂದ್ರ ಔರಾದಕ್ಕ ನಾವೇನ್ ಮಾತಾಡೋದು," ಎಂದ.

ಆದರೆ ವೈನಿಯ ಮೊಮ್ಮಗನ ಸಮಸ್ಯೆ ಹಾಗೇ ಉಳಿದಿತ್ತು. ಅವನಿಗೆ ಕಲ್ಲು ಬೇಡ, ಜೀವ ಇರುವ ಪ್ರಾಣಿ ಬೇಕು. ಪ್ರಾಣಿ ನೋಡಲು ಬೀದರದ ಹುಡುಗ ಆರುನೂರು ಕಿಲೋಮೀಟರು ಯಾಕೆ ಹೋಗಬೇಕು? ಔರಾದ ರಸ್ತೆ ಹಿಡಿದು ಬೆಳಗಿನ ಹೊತ್ತು ಹೊರಟರೆ ಹೆಸರು, ಉದ್ದು, ಸೋಯಾ ಹೊಲಗಳ ನಡುವೆ ಕೃಷ್ಣಮೃಗ ಕಾಣುತ್ತವೆ. ಗಂಡು ಕಪ್ಪು–ಬಿಳುಪು, ತಿರುಚಿದ ಕೊಂಬು. ಹೆಣ್ಣುಗಳ ಹಿಂಡು ಹಿಂದೆ. ಒಂದು ಹಾರಿತೆಂದರೆ ಇಡೀ ಹಿಂಡು ಹಾರುತ್ತದೆ. 1972ರ ವನ್ಯಜೀವಿ ಸಂರಕ್ಷಣೆಯ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಹುಲಿಗೆ ಸಿಗುವ ರಕ್ಷಣೆಯೇ ಅದಕ್ಕೂ. ಬೇರೆ ಊರಿನವರು ಇದನ್ನು ನೋಡಲು ರಾಣೇಬೆನ್ನೂರಿಗೆ ಟಿಕೆಟ್ ತೆಗೆದು ಹೋಗುತ್ತಾರೆ.

"ನೋಡ್ಲಾಕ ಚಂದ ಮಾಸ್ತರ್, ಬಿತ್ತಿದವ್ರಿಗಿ ಕೇಳ್ರಿ," ಎಂದ ಕಾಕಾ. ಆತನ ತಮ್ಮನ ಹೊಲದಲ್ಲಿ ಹೆಸರು ಮೊಳಕೆ ಒಡೆದ ವಾರವೇ ಹಿಂಡು ಇಳಿದಿತ್ತು. ಬೆಳಗಿನ ಜಾವಕ್ಕೆ ಡಬ್ಬಿ ಬಡಿಯುತ್ತ ಬದುವಿನ ಮೇಲೆ ಕೂರುವುದು, ಪರಿಹಾರದ ಅರ್ಜಿ ಹಿಡಿದು ಓಡಾಡುವುದು, ಎಲ್ಲ ಆಗಿದೆ. "ಆ ಮಂಗ್ಯಾ ಚುಡುವಾ ಕಸಗೊಂಡ್ರ ನೀವು ಫೋಟೋ ತಗೀತೀರಿ. ಇಲ್ಲಿ ಪೀಕೇ ಹೋಗ್ತದ." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವೈನಿಯ ಹತ್ತಿರ ಇತ್ತು. 2023ರಲ್ಲಿ ಅರಣ್ಯ ಖಾತೆ ಸಿಕ್ಕಿದ್ದೇ ಭಾಲ್ಕಿಯ ಈಶ್ವರ ಖಂಡ್ರೆಯವರಿಗೆ, ಅವರಿಗೇ ಹೋಗಿ ಹೇಳಿ ಎಂದರು. ಹೇಳುವುದಾದರೆ ಹುಲ್ಲುಗಾವಲು ಉಳಿಸಲು ಹೇಳಬೇಕು ಎಂದು ನಾನು ಸೇರಿಸಿದೆ. ಗಾಯರಾಣ ಎಲ್ಲ ಹೊಲ, ಸೈಟು ಆದ ಮೇಲೆ ಜಿಂಕೆ ಹೆಸರಿಗೆ ಬಾಯಿ ಹಾಕದೆ ಇನ್ನೇನು ಮಾಡೀತು? ಕಾಕಾ ಇದಕ್ಕೆ ತಲೆಯಾಡಿಸಲಿಲ್ಲ, ಅಲ್ಲವೆನ್ನಲೂ ಇಲ್ಲ.

ಕೊನೆಗೆ ಗೋಡೆಯ ಮೇಲೆ ಆದ ತೀರ್ಮಾನ ಹೀಗೆ. ಮೊಮ್ಮಗನಿಗೆ ಹೊರಡುವ ಮೊದಲು ಕಾಕಾ ತನ್ನ ಗಾಡಿಯಲ್ಲಿ ಔರಾದ ಕಡೆ ಕರೆದೊಯ್ದು ಕೃಷ್ಣಮೃಗ ತೋರಿಸುವುದು. ಮುಂಬಯಿಯಲ್ಲಿ ಮೊದಲ ದಿನ ಭಾಯಖಳಾ, ಅಲ್ಲಿ ಕಲ್ಲಾನೆ, ಪೆಂಗ್ವಿನ್ ಎರಡೂ. ಮರುದಿನ ಘಾರಾಪುರಿ, ಅಲ್ಲಿ ಪ್ರಾಣಿಯ ಆಸೆ ಬೇಡ.

ಬೀದರ, ಭಾಲ್ಕಿ, ಔರಾದದಿಂದ ಹೊರಡುವ ಉಳಿದವರಿಗೂ ಅದನ್ನೇ ಹೇಳುತ್ತೇನೆ. ಆನೆ, ಮಂಗ, ಹಕ್ಕಿಗಾಗಿ ಹೋಗಬೇಡಿ, ಕಲ್ಲಿಗಾಗಿ ಹೋಗಿ. ಸೋಮವಾರ ಗವಿ ಬಂದ್ ಇರುತ್ತದೆ. ಮಳೆಗಾಲದಲ್ಲಿ ಸಮುದ್ರ ಎದ್ದರೆ ಬೋಟು ಬಿಡುವುದಿಲ್ಲ. ಬೆಳಗಿನ ಮೊದಲ ಬೋಟು ಹಿಡಿಯಿರಿ, ಹತ್ತೂವರೆಯ ಮೇಲೆ ಸದಾಶಿವನ ಎದುರು ನಿಲ್ಲಲು ಜಾಗ ಸಿಗುವುದಿಲ್ಲ. ದ್ವೀಪದಲ್ಲಿ ಯಾತ್ರಿಕರು ರಾತ್ರಿ ಉಳಿಯುವಂತಿಲ್ಲ. ಮರಳುವ ಕೊನೆಯ ಬೋಟು ಎಷ್ಟಕ್ಕೆ ಎಂದು ಜೆಟ್ಟಿಯಲ್ಲಿ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.